ಊರಬಾಗಿಲ ಬಿರುಕಿಗೆ ಉಣ್ಣೆಯ ಎಳೆ

ತಾಳ್ಯದಿಂದ ಮೂರು ಮೈಲಿ ಆಚೆಗಿದ್ದ ಆ ಊರಿಗೆ ಬಸ್ಸು ಬರುತ್ತದಂತೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಕಾಳಕ್ಕ. ಹೊಳಲ್ಕೆರೆ ಸಂತೆಗೆ ಕಂಬಳಿ ಹೊತ್ತು ಹೊತ್ತು ಅವಳ ನೆತ್ತಿಯೇ ಸವೆದಿತ್ತು. ಆದರೆ ಆ ಸುದ್ದಿಯ ಬೆನ್ನಿಗೇ ಇನ್ನೊಂದು ಬಂತು. ಊರಬಾಗಿಲನ್ನು ಕೆಡವಬೇಕಂತೆ!

ಪಾಳೆಯಗಾರರ ಕಾಲದ ಕಲ್ಲಿನ ಬಾಗಿಲು ಅದು. ಎರಡೂ ಕಡೆ ದಪ್ಪ ಗೋಡೆ, ಮೇಲೆ ಕಲ್ಲಿನ ತೊಲೆ, ಒಳಗೆ ಉದ್ದನೆಯ ಜಗಲಿಗಳು. ಕಾಳಕ್ಕನ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಉಣ್ಣೆ ನೂತಿದ್ದು ಆ ನೆರಳಿನಲ್ಲೇ. ಹೊಸ ರಸ್ತೆ ಬಾಗಿಲಿಗೆ ಆತುಕೊಂಡೇ ಹೋಗುತ್ತಿತ್ತು. ಎಡಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕು. ರಸ್ತೆಯ ಓವರ್ಸಿಯರ್ ಚಿತ್ತಯ್ಯ ಅದರೊಳಗೆ ಬೆರಳು ತೂರಿಸಿ ನೋಡಿದ. ಗೋಡೆ ಜರುಗುತ್ತಿದೆ, ಬಸ್ಸು ಓಡಾಡಿದರೆ ಒಂದು ದಿನ ಜನರ ಮೇಲೇ ಬೀಳುತ್ತದೆ, ಇದು ಇರುವ ತನಕ ಬಸ್ಸಿಗೆ ಒಪ್ಪಿಗೆ ಬರೆಯುವುದಿಲ್ಲ ಎಂದುಬಿಟ್ಟ.

"ಕಲ್ಲು ಬೇಕೋ ಬಸ್ಸು ಬೇಕೋ, ನೀವೇ ಹೇಳ್ರಪ್ಪ," ಎಂದ ಪಂಚಾಯಿತಿ ಚೇರ್ಮನ್ ಶಿವಕುಮಾರಪ್ಪ.

ಬಸ್ಸೇ ಬೇಕು ಎಂದರು ಜನ. ಅವರನ್ನು ಬೈದು ಫಲವಿಲ್ಲ. ಹೆರಿಗೆ ನೋವು ತಿನ್ನುವ ಹೆಣ್ಣುಮಕ್ಕಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದ ಊರು ಅದು. ಆದರೂ ಕಾಳಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಗೋಡೆ ಜರುಗ್ತೈತೆ ಅಂತ ಹೆಂಗೆ ಹೇಳ್ತೀರಿ ಸ್ವಾಮಿ?"

"ಬಿರುಕು ಕಾಣಲ್ವೇನವ್ವ?"

"ನನ್ ಹಿಮ್ಮಡೀನೂ ಬಿರುಕು ಬಿಟ್ಟೈತೆ. ಇಪ್ಪತ್ ವರ್ಷ ಆತು, ಕಾಲೇನು ಕಳಚಿ ಬಿದ್ದಿಲ್ಲ!"

ಜನ ಗೊಳ್ಳೆಂದು ನಕ್ಕರು. ಚಿತ್ತಯ್ಯನೂ ನಕ್ಕ, ಕೆಟ್ಟ ಮನುಷ್ಯನಲ್ಲ. "ಜರುಗ್ತಿಲ್ಲ ಅಂತ ತೋರಿಸು. ಹದಿನೈದು ದಿನ ಬಿಟ್ಟು ಬರ್ತೀನಿ," ಎಂದು ಹೇಳಿ ಹೋದ.

ಕಂಬಳಿ ನೇಯುವವರು ಉಣ್ಣೆಯ ಎಳೆಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಒಣಗಿದ ಮೇಲೆ ಎಳೆ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಗಂಜಿ ಹೆಚ್ಚಾಯಿತೋ, ಚೂರು ಜಗ್ಗಿದರೂ ಪಟ್ಟೆಂದು ಮುರಿಯುತ್ತದೆ. ನೇಯುವಾಗ ಅದು ತಪ್ಪು. ಕಾಳಕ್ಕ ಆ ತಪ್ಪನ್ನೇ ಬೇಕೆಂದು ಮಾಡಿದಳು. ದಪ್ಪ ಗಂಜಿ ಕಾಸಿ, ಬಿರುಕಿಗೆ ಅಡ್ಡಲಾಗಿ ಆರು ಎಳೆ ಬಿಗಿದು, ಎರಡು ತುದಿಯನ್ನೂ ಗೋಡೆಗೆ ಅಂಟಿಸಿದಳು. ಗೋಡೆ ಕೂದಲೆಳೆಯಷ್ಟು ಜರುಗಿದರೂ ಎಳೆ ಸುಳ್ಳು ಹೇಳದು. ಪಕ್ಕದಲ್ಲಿ ಜಲ್ಲಿ ತುಂಬಿದ ಲಾರಿಗಳು ದಿನವೂ ಗುಡುಗುತ್ತ ಹೋದವು. ಹದಿನಾಲ್ಕು ದಿನ ಎಳೆಗಳು ಮಿಸುಕಲಿಲ್ಲ.

ಹದಿನೈದನೆಯ ದಿನ ಚಿತ್ತಯ್ಯ ಬಂದ. ಗೋಡೆಯ ಮೇಲೆ ಒಂದು ಎಳೆಯೂ ಇರಲಿಲ್ಲ!

"ನೋಡ್ದೇನವ್ವ, ಎಲ್ಲಾ ಹರ್ಕೊಂಡು ಹೋಗವೆ," ಎಂದ ಚಿತ್ತಯ್ಯ. ಶಿವಕುಮಾರಪ್ಪ ತಲೆಯಾಡಿಸಿದ. ನನ್ನ ಕೈಯಾರೆ ಬಾಗಿಲನ್ನು ಕೊಂದೆನಲ್ಲ ಎಂದು ಕಾಳಕ್ಕನ ಕಣ್ಣು ತುಂಬಿತು. ಹಾಗೇ ಗೋಡೆ ತಡವಿದಳು. ಗಂಜಿ ಹಚ್ಚಿದ್ದ ಕಡೆಯೆಲ್ಲ ಕಲ್ಲು ಒದ್ದೆ, ಕನ್ನಡಿಯಂತೆ ಚೊಕ್ಕಟ. ತಿರುಗಿ ನೋಡಿದರೆ ಜಗಲಿಯ ಮೇಲೆ ಅವಳದೇ ಮೇಕೆ ನಿಂತಿತ್ತು, ಗಡ್ಡಕ್ಕೆ ಕರಿ ಉಣ್ಣೆಯ ಚೂರು ಅಂಟಿಸಿಕೊಂಡು.

"ಗೋಡೆ ಎಳೆ ಹರೀತು ಅನ್ರಿ," ಎಂದು ಕೂಗಿದಳು ಕಾಳಕ್ಕ. "ಗಂಜೀನೂ ನೆಕ್ಕುತ್ತೇನ್ರಿ? ಥೂ ನಿನ್ನ, ಮನೆಹಾಳ ಮೇಕೆ!"

ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುರಿಮೇಕೆಗಳ ನಡುವೆ ಹುಟ್ಟಿ ಬೆಳೆದವಳು ಮೇಕೆಗೆ ಎಟುಕುವಲ್ಲಿ ಗಂಜಿ ಬಳಿದಿದ್ದಳಲ್ಲ! ಚಿತ್ತಯ್ಯ ಮರುದಿನ ಮಧ್ಯಾಹ್ನದವರೆಗೆ ಗಡುವು ಕೊಟ್ಟ. ಕಾಳಕ್ಕ ಏಣಿ ಹಾಕಿ, ಎರಡಾಳೆತ್ತರದಲ್ಲಿ ಒಂಬತ್ತು ಎಳೆ ಬಿಗಿದಳು.

ಮರುದಿನ ಮಧ್ಯಾಹ್ನ ಎಲ್ಲರ ಕಣ್ಣೆದುರೇ ತುಂಬಿದ ಲಾರಿ ಹತ್ತು ಸಲ ಹಾದುಹೋಯಿತು. ಚಿತ್ತಯ್ಯ ತಾನೇ ಏಣಿ ಹತ್ತಿ ಎಣಿಸಿದ. ಒಂಬತ್ತೂ ಇದ್ದವು. ಗಂಜಿ ಕೂಡ ಬಿರಿದಿರಲಿಲ್ಲ. ಆದರೂ ಅವನಿಗೆ ಅಳುಕು.

"ಎಳೆ ಏನೋ ನಿಂತೈತೆ. ನಾಳೆ ಇದರ ಕೆಳಗೆ ಜನ ಕುಂತಾಗ ಏನಾದ್ರೂ ಆದ್ರೆ ಯಾರವ್ವ ಹೊಣೆ?"

ಕಾಳಕ್ಕ ನೇರ ಹೋಗಿ ಬಿರುಕಿನ ಬುಡದಲ್ಲೇ, ಜಗಲಿಯ ಮೇಲೆ ಕುಳಿತಳು.

"ಇಲ್ಲೇ ಕುಂತಿದೀನಿ. ಓಡಿಸ್ರಿ ಲಾರಿ."

"ಬ್ಯಾಡ ಕಾಳಕ್ಕ, ಎದ್ದು ಬಾ," ಎಂದ ಶಿವಕುಮಾರಪ್ಪ.

"ನಾನ್ ಏಳಲ್ಲ ಗೌಡ್ರೇ. ನನ್ ಎಳೆ ಮ್ಯಾಲೆ ನನಗೆ ನಂಬಿಕೆ ಐತೆ."

ಶಿವಕುಮಾರಪ್ಪ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಮೆಟ್ಟು ಬಿಟ್ಟು ಬಂದು ಅವಳ ಪಕ್ಕದಲ್ಲಿ ಕುಳಿತ. ಚೇರ್ಮನ್ನೇ ಕುಳಿತ ಮೇಲೆ ಇನ್ನೇನು! ಕಾಳಕ್ಕನ ಗಂಡ ಪಾಲಯ್ಯ ಬಂದ, ನೂಲುವ ಹೆಂಗಸರೆಲ್ಲ ಬಂದರು. ಬಸ್ಸೇ ಬೇಕು ಎಂದು ಕೈಯೆತ್ತಿದ್ದವರೂ ಒತ್ತರಿಸಿಕೊಂಡು ಬಂದು, ಜಗಲಿಯಲ್ಲಿ ಜಾಗ ಸಾಲದೆ ತೊಲೆಯ ಕೆಳಗೆ ನಿಂತರು.

ಲಾರಿ ಬಂತು. ನೆಲ ಅದುರಿತು. ಕಾಳಕ್ಕನ ಬೆನ್ನಿಗೆ ಕಲ್ಲು ತಣ್ಣಗೆ, ಗಟ್ಟಿಯಾಗಿ ತಗುಲಿಕೊಂಡೇ ಇತ್ತು. ಲಾರಿ ಹೋಯಿತು. ಧೂಳು ಇಳಿಯಿತು. ಒಂದು ಚೂರು ಗಾರೆಯೂ ಉದುರಲಿಲ್ಲ.

ಚಿತ್ತಯ್ಯ ಜೇಬಿನಿಂದ ಪೆನ್ನು ತೆಗೆದು ತನ್ನ ವರದಿಯ ಕಾಗದದ ಮೇಲಿದ್ದ 'ಕೆಡವತಕ್ಕದ್ದು' ಎಂಬ ಮಾತನ್ನು ಗೀಚಿ ಹಾಕಿದ. ಅದರ ಕೆಳಗೆ ಬರೆದದ್ದನ್ನು ದೊಡ್ಡ ದನಿಯಲ್ಲಿ ಓದಿದ: "ಬಾಗಿಲು ಭದ್ರವಾಗಿದೆ. ಬಸ್ಸು ಬಿಡಬಹುದು."

ಶಿಳ್ಳೆ, ಕೇಕೆ ಮುಗಿಲು ಮುಟ್ಟಿದವು. ಕಾಳಕ್ಕ ಎಲ್ಲರ ಎದುರಿಗೇ ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಜಗಲಿಯ ಅಂಚಿಗೆ ಜರುಗಿ, ಏಣಿಯ ಪಕ್ಕದಲ್ಲಿ ನಿಂತೇ ಇದ್ದ ಓವರ್ಸಿಯರನಿಗೆ ಜಾಗ ಮಾಡಿಕೊಟ್ಟಳು.

"ಬರ್ರಿ ಸ್ವಾಮಿ, ನೀವೂ ಕುಂತ್ಕಳ್ರಿ. ನೆರಳು ಚೆನ್ನಾಗೈತೆ."

ಚಿತ್ತಯ್ಯ ಒಮ್ಮೆ ತೊಲೆಯನ್ನು ನೋಡಿದ. ಆಮೇಲೆ ಬಂದು ಕುಳಿತ.