ಮ್ಯಾನೇಜರನ ಬಾಯಿ ಬಿಡಿಸಿದ ನೆಲ

ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಯಾವ ಗಿರಣಿಯ, ಯಾವ ಗೋಡೌನಿನ ಕಾಂಕ್ರೀಟ್ ನೆಲವನ್ನು ಕೇಳಿದರೂ ಈ ಮಹದೇವಯ್ಯನ ಕೈಗುಣ ಹೇಳುತ್ತದೆ. ಸುತ್ತಿಗೆಯಿಂದ ಒಂದು ಸಲ ತಟ್ಟಿದರೆ ಸಾಕು, ನೆಲ ತನ್ನ ಹೊಟ್ಟೆಯೊಳಗಿನ ರೋಗವನ್ನೆಲ್ಲ ನನ್ನೆದುರು ಕಕ್ಕಿಬಿಡುತ್ತದೆ. ಮೈಸೂರಿನ ಡಾಕ್ಟರುಗಳು ನನ್ನ ಹತ್ತಿರ ಕಲಿಯಲು ಬರಬೇಕಿತ್ತು. ಬಂದಿಲ್ಲ, ಅದು ಅವರ ನಷ್ಟ.

ಹುಣಸೂರಿನ ಒಂದು ಹೊಗೆಸೊಪ್ಪಿನ ಗೋಡೌನಿನಲ್ಲಿ ನನ್ನ ತಂಗಿ ಪುಟ್ಟಮಾದಮ್ಮ ಕೈಗಾಡಿಯಲ್ಲಿ ಬೇಲು, ಅಂದರೆ ಬಿಗಿದು ಕಟ್ಟಿದ ಸೊಪ್ಪಿನ ಮೂಟೆ, ಸಾಗಿಸುತ್ತಿದ್ದಳು. ಅಲ್ಲಿನ ನೆಲದಲ್ಲಿದ್ದ ಗುಂಡಿಯಲ್ಲಿ ನಾಗರಹೊಳೆಯ ಆನೆ ತನ್ನ ಮರಿಗೆ ಸ್ನಾನ ಮಾಡಿಸಬಹುದಿತ್ತು. ಗಾಡಿಯ ಚಕ್ರ ಅದರೊಳಗೆ ಇಳಿದು, ಬೇಲು ಉರುಳಿ, ಅವಳ ಕಾಲು ಮುರಿಯಿತು. ಮ್ಯಾನೇಜರ್ ಸುರೇಶ ಏನಂದ ಗೊತ್ತೆ? ನೆಲ ಚೆನ್ನಾಗಿಯೇ ಇದೆ, ಅವಳು ಫೋನಿನಲ್ಲಿ ಹರಟುತ್ತ ಗಾಡಿ ತಳ್ಳಿದಳು ಎಂದ. ಫೋನು ಆ ಹೊತ್ತಿನಲ್ಲಿ ಮನೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ಮಾಲೀಕ ಗುರುಮಲ್ಲಪ್ಪನವರ ಕಿವಿಗೂ ಅದನ್ನೇ ಊದಿ ಅವಳನ್ನು ಕೆಲಸದಿಂದ ಬಿಡಿಸಿದ.

ತಪ್ಪು ನೆಲದ್ದು ಎಂದು ಅವನ ಬಾಯಿಂದಲೇ, ಅಲ್ಲಿನ ಹೆಂಗಸರೆಲ್ಲರ ಎದುರಿಗೇ ಅನ್ನಿಸುತ್ತೇನೆ ಎಂದು ಶಪಥ ಮಾಡಿದೆ. ಅದನ್ನು ಕೇಳಿ ಲಕ್ಷ್ಮಣತೀರ್ಥ ಹೊಳೆ ಒಂದು ಗಳಿಗೆ ಹರಿಯುವುದನ್ನೇ ಮರೆತಿತ್ತು.

ಎರಡು ವಾರದಲ್ಲಿ ಇನ್ನೊಂದು ಗಾಡಿ ಮಗುಚಿತು. ಗುರುಮಲ್ಲಪ್ಪನವರು ನೆಲ ರಿಪೇರಿಗೆ ನನ್ನನ್ನೇ ಕರೆಸಿದರು. ನಾನು ಯಾರ ಅಣ್ಣನೆಂದು ಸುರೇಶನಿಗೆ ತಿಳಿಯದು. ಗುಂಡಿಗೆ ಒಂದು ಬಾಂಡ್ಲಿ ಸಿಮೆಂಟು ಮೆತ್ತಿ ಹೊರಡು ಎಂದ. ನಾನು ತಟ್ಟುತ್ತ ಹೋದೆ. ಗಟ್ಟಿ ಇದ್ದಲ್ಲಿ ಟಣ್, ಮೇಲಿನ ಪದರ ಬಿಟ್ಟುಕೊಂಡು ಟೊಳ್ಳಾದಲ್ಲಿ ಡಬ್. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆ. ಗೋಡೌನೆಲ್ಲ ರಂಗೋಲಿಯಾಯಿತು.

ಸುರೇಶ ಮಾಲೀಕರ ಕಡೆ ತಿರುಗಿ ನಕ್ಕ. "ಇದು ಕೆಲ್ಸ ಬೆಳ್ಸೋ ಆಟ ಕಣ್ರೀ ಸಾವ್ಕಾರ್ರೆ. ನೆಲ ಬಂಡೆ ಇದ್ದಂಗದೆ."

"ಅಂಗಾದ್ರೆ ನೀವೇ ಒಂದು ಗಾಡಿ ತಳ್ಕೊಂಡು ಬನ್ನಿ," ಎಂದೆ. "ಆ ತುದಿ ಮುಟ್ಟಿದ್ರೆ ಬರೀ ಗುಂಡಿ ಮುಚ್ಚಿ ಓಯ್ತೀನಿ."

ಸೊಪ್ಪು ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಗುರುಮಲ್ಲಪ್ಪನವರೂ ನೋಡುತ್ತ ನಿಂತರು. ಹಿಂಜರಿಯಲು ದಾರಿಯಿಲ್ಲದೆ ಸುರೇಶ ಎರಡು ಬೇಲು ಹೇರಿಸಿಕೊಂಡು ಹೊರಟ. ಇವನ ಎರಡೂ ಕಾಲು ಮುರಿಯಲಿ ಎಂದು ಮಲೆಯ ಮಾದಪ್ಪನಿಗೆ ಹರಕೆ ಹೊತ್ತೆ, ಸುಳ್ಳು ಯಾಕೆ ಹೇಳಲಿ. ಅವನು ಗುಂಡಿಯನ್ನು ಬಳಸಿ ದಾಟಿ ಮೀಸೆ ತಿರುವಿದ. ನಾನು ಕಾದಿದ್ದು ಗುಂಡಿಗಲ್ಲ. ಅದರಾಚೆ ನಾನು ಸುತ್ತು ಹಾಕಿದ್ದ, ಮೇಲೆ ನುಣ್ಣಗೆ ಕಾಣುವ ಟೊಳ್ಳು ಪದರದ ಮೇಲೆ ಚಕ್ರ ಹತ್ತಿತು. ಪದರ ಹಪ್ಪಳದಂತೆ ಪುಡಿಯಾಯಿತು, ಗಾಡಿ ವಾಲಿತು, ಬೇಲು ಒಂದು ಕಡೆ, ಸುರೇಶ ಒಂದು ಕಡೆ. ಅವನು ಕುಂಡೆ ಊರಿದ ಸದ್ದಿಗೆ ಕೆ.ಆರ್. ನಗರದಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಂತವಂತೆ.

"ನಾನೇನ್ ಮಾಡ್ಲಿ, ನೆಲ್ವೇ ಸರಿಯಿಲ್ಲ," ಎಂದ.

"ಇನ್ನೊಂದ್ಸಲ ಅನ್ನಿ," ಎಂದೆ. "ನಾನು ಪುಟ್ಟಮಾದಮ್ಮನ ಅಣ್ಣ."

ಅವನ ಮುಖ ಒಣಸೊಪ್ಪಿನ ಬಣ್ಣಕ್ಕೆ ತಿರುಗಿತು.

"ಆ ಹೆಣ್ಮಗಳೂ ಇಂಗೇ ತಾನೆ ಬಿದ್ದಿದ್ದು?" ಗುರುಮಲ್ಲಪ್ಪನವರು ಮೆಲ್ಲಗೆ ಕೇಳಿದರು. "ಎಲ್ರ ಮುಂದೆ ಒಪ್ಕೊ ಸುರೇಶ."

ಒಪ್ಪಿಕೊಂಡ. ಕಾಲು ವಾಸಿಯಾದ ದಿನವೇ ಅವಳು ಕೆಲಸಕ್ಕೆ ಬರಲಿ ಎಂದರು ಮಾಲೀಕರು.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ದೇವರಾಗುತ್ತಿದ್ದೆ, ಬಿಡಲಿಲ್ಲ. ಟೊಳ್ಳನ್ನೆಲ್ಲ ಒಡೆದು, ದೂಳು ತೊಳೆದು, ಹೊಸ ಕಾಂಕ್ರೀಟ್ ಹಾಕಿ, ಕಾಲು ಜಾರದಂತೆ ಪೊರಕೆ ಎಳೆದು ತರಿ ಮಾಡಿದೆ. ಅಂಥ ನೆಲ ಅರಮನೆಗೂ ಇಲ್ಲ. ಮೇಲೆ ಗೋಣಿಚೀಲ ಹಾಸಿದೆ. ಕಾಂಕ್ರೀಟ್ ಗಟ್ಟಿಯಾಗಲು ಏಳು ದಿನ ಚೀಲದ ಪಸೆ ಆರಬಾರದು, ಸುರೇಶನೇ ಖುದ್ದಾಗಿ ನೀರು ಹೊತ್ತು ಹಾಕಿದರೆ ಮಾತ್ರ ನೆಲಕ್ಕೆ ನನ್ನ ಗ್ಯಾರಂಟಿ ಎಂದೆ. ಗುರುಮಲ್ಲಪ್ಪನವರು ತಲೆಯಾಡಿಸಿದರು.

ಮರುದಿನ ತಂಗಿಯನ್ನು ಆಟೋದಲ್ಲಿ ಕರೆತಂದು ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಸುರೇಶ ಪ್ಯಾಂಟು ಮಡಚಿಕೊಂಡು ಬರಿಗಾಲಲ್ಲಿ ಬಿಂದಿಗೆ ಹೊರುತ್ತಿದ್ದ. ಅವಳು ಊರುಗೋಲು ಚಾಚಿ ತೋರಿಸಿದಳು.

"ಮ್ಯಾನೇಜರ್ರೆ, ಆ ಮೂಲೆ ಚೀಲ ಒಣಗೋಗದೆ. ಇನ್ನೆರಡು ಬಿಂದ್ಗೆ ಉಯ್ರಿ."