ಎದುರು ಬಂದದ್ದು

ಅಂಗಳಕ್ಕೆ ನೀರು ಹೊಡೆದು ಬಹಳ ಹೊತ್ತಾಗಿರಲಿಲ್ಲ. ಕುಬೇರಪ್ಪ ಆ ಮೋಟಾರ್ ಸೈಕಲ್ಲನ್ನು ಹಸಿ ನೆಲದ ಮೇಲೆ ಸೀದಾ ತಂದು ನಿಲ್ಲಿಸಿದ. ಹಳೆಯ ಗಾಡಿ ಮಾರುವುದು ಅವನ ಉದ್ಯೋಗ. ದೊಡ್ಡ ಟ್ಯಾಂಕು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ ಕಟ್ಟುವ ಕಬ್ಬಿಣದ ಚೌಕಟ್ಟು. ಲಡಾಖಿಗೆ ಹೋಗಿ ಬಂದದ್ದಂತೆ. ನನ್ನ ಮೈದುನ ಫಕೀರೇಶ ಅದರ ಸುತ್ತ ತಿರುಗಿ ನಕ್ಕ. ಅಣ್ಣ ಸತ್ತ ಮೇಲೆ ಅವನು ನಕ್ಕದ್ದನ್ನು ನಾವು ನೋಡಿರಲಿಲ್ಲ. ಅತ್ತೆ ಶರಣವ್ವ ಆ ನಗೆಗೇ ಒಪ್ಪಿಬಿಟ್ಟರು.

ನಾನು ನೆಲ ನೋಡುತ್ತಿದ್ದೆ. ಗಾಲಿಯ ಗೆರೆ ಒಂದೇ ಇರಬೇಕಾಗಿತ್ತು. ಎರಡಿದ್ದವು. ಮುಂದಿನ ಗಾಲಿ ಬಂದ ಹಾದಿಯಲ್ಲಿ ಹಿಂದಿನದು ಬಂದಿರಲಿಲ್ಲ.

"ಇದು ಎಲ್ಲೋ ಜೋರ ಬಿದ್ದೈತಿ. ಚಾಸಿ ಬಾಗೈತಿ" ಅಂದೆ.

"ಅಕ್ಕಾರ, ಹಿಮಾಲಯ ಹತ್ತಿ ಇಳಿದ ಗಾಡಿರಿ ಇದು. ಕಮರಿಪ್ಯಾಟಿ ಅಂಗಳದಾಗ ಬಂದು ಸೊಟ್ಟ ನಡೀತೈತೇನ್ರಿ?" ಕುಬೇರಪ್ಪ ನಕ್ಕ.

"ನಮ್ಮ ವೈನಿಗೆ ಗಾಡಿ ಅಂದ್ರ ಅಂಜಿಕಿ" ಎಂದ ಫಕೀರೇಶ, ಮೆತ್ತಗೆ.

ಅಲ್ಲಿಗೆ ಮಾತು ಮುಗಿಯಿತು. ನನ್ನ ಗಂಡ ಶಂಭುಲಿಂಗ ಸ್ಕೂಟರಿನಲ್ಲಿ ಬೈಪಾಸಿಗೆ ಹೋದವನು ತಿರುಗಿ ಬಂದಿರಲಿಲ್ಲ. ಗಾಡಿಯ ವಿಷಯದಲ್ಲಿ ಇನ್ನು ನಾನು ಏನು ಹೇಳಿದರೂ ಅದು ಅಂಜಿಕೆಯೇ. ಗುರುವಾರ ಹೋಗಿ ತರುವುದೆಂದು ಆಯಿತು.

ಅತ್ತೆ ನನಗೆ ಎಂದೂ ಕೆಟ್ಟ ಮಾತಾಡಿದವರಲ್ಲ. ಆದರೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ, "ದಾಕ್ಷಾಯಿಣಿ, ಹಾಲು ಉಕ್ಕೀತು, ನೋಡು" ಎನ್ನುತ್ತಿದ್ದರು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ನಾನು ಬರಿಯ ಒಲೆಯ ಮುಂದೆ ನಿಲ್ಲುತ್ತಿದ್ದೆ. ಹೊರಟವರು ನನ್ನ ಮುಖ ನೋಡದೆ ಹೋಗುತ್ತಿದ್ದರು.

ಗುರುವಾರವೂ ಕೂಗಿದರು. ನಾನು ಖಾಲಿ ಕೊಡ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸುತ್ತು ಹಾಕಿ ಮುಂದಿನ ಅಂಗಳಕ್ಕೆ ಬಂದೆ. ಫಕೀರೇಶ ಹೊಸ್ತಿಲು ದಾಟುತ್ತಿದ್ದ. ಎದುರಿಗೆ ನಿಂತೆ.

ಕರೆಯಲು ಬಂದಿದ್ದ ಕುಬೇರಪ್ಪ ಇಟ್ಟ ಹೆಜ್ಜೆ ಹಿಂದೆ ತೆಗೆದ. ಅತ್ತೆಯ ಮುಖ ಕಪ್ಪಿಟ್ಟಿತು.

"ಒಳಗ ಬಾ, ಫಕೀರೇಶ. ಇವತ್ತ ಬ್ಯಾಡ. ಆ ಗಾಡೀನ ಬ್ಯಾಡ."

ನನಗೆ ಬೇಕಾದದ್ದು ಅಷ್ಟೇ.

ಫಕೀರೇಶ ಒಳಗೆ ಹೋಗಲಿಲ್ಲ. "ಯವ್ವಾ, ನಾವು ಲಿಂಗ ಕಟ್ಟಿದ ಮಂದಿ. ಕೊರಳಾಗ ಲಿಂಗ, ತಲ್ಯಾಗ ಶಕುನ ಏನ? ವೈನಿನ್ನ ಒಲಿ ಮುಂದ ಯಾಕ ನಿಲ್ಲಸ್ತಿ, ನನಗ ಗೊತ್ತಿಲ್ಲಂತ ತಿಳದೀ?"

"ನಾನ ಬೇಕಂತ ಎದುರ ಬಂದೇನಿ" ಅಂದೆ. "ನೀವು ಹೋಗಬಾರದಂತ."

ಅವನ ಕಣ್ಣು ತುಂಬಿದವು. "ಕೇಳಿದ್ಯಾ ಯವ್ವಾ? ತಮ್ಮನ್ನ ತಾವ ಅಪಶಕುನ ಅನ್ನಾಕತ್ತಾರ." ಬಾಗಿ ನನ್ನ ಕಾಲು ಮುಟ್ಟಿದ. "ನಿಮ್ಮ ಮುಖಾ ನೋಡೇ ಹೋಗಿ ತರತೇನ್ರಿ, ವೈನಿ. ಮೊದಲ ನಿಮ್ಮನ್ನ ಕೂಡಿಸ್ಕೊಂಡ ಹೋಗತೇನಿ."

ಅತ್ತೆ ತಲೆ ತಗ್ಗಿಸಿದರು. ಇನ್ನು ತಡೆದರೆ ನನ್ನನ್ನು ಹಳಿದಂತೆ. ಅವರು ತಡೆಯಲಿಲ್ಲ.

ಮಧ್ಯಾಹ್ನ ಗಾಡಿ ಬಂತು. ಹಿಂದೆ ನಾನಿದ್ದರೆ ಮೆಲ್ಲಗೆ ನಡೆಸುತ್ತಾನೆಂದು ಕೂತೆ. ಉಣಕಲ್ ಕೆರೆಯ ತನಕ ಅಷ್ಟೇ ಎಂದಿದ್ದ. ಬೈಪಾಸಿನ ಕಡೆ ಹೊರಳಿಸಿದ.

"ಇತ್ತ ಯಾಕ್ರಿ?"

"ನಿಮ್ಮ ಅಂಜಿಕಿ ಇವತ್ತ ಬಿಡಸೇ ಬಿಡತೇನಿ."

ಎದುರಿನಿಂದ ಲಾರಿಗಳು ಬರುತ್ತಿದ್ದವು. ಗಾಡಿ ಬಲಕ್ಕೆ, ಆ ಲಾರಿಗಳ ಕಡೆಗೆ, ಎಳೆಯುತ್ತಿತ್ತು. ಅವನ ತೋಳುಗಳು ಹ್ಯಾಂಡಲನ್ನು ಎಡಕ್ಕೆ ಒತ್ತಿ ಹಿಡಿದಿದ್ದವು. ಅದು ಅವನಿಗೆ ತಿಳಿದಂತಿರಲಿಲ್ಲ. ಅವನು ಹಾಡುತ್ತಿದ್ದ.

"ನಿಲ್ಲಸ್ರಿ" ಅಂದೆ.

"ಏನಂದ್ರಿ?"

"ನಿಲ್ಲಸ್ರಿ!"

"ಸೊಟ್ಟ ಐತಿ ಅಂದಿದ್ರೆಲ್ಲಾ? ಹೆಂಗ ಸೀದಾ ಹೋಗತೈತಿ, ನೀವ ನೋಡ್ರಿ" ಎಂದು ಕೂಗಿ ಎರಡೂ ಕೈ ಬಿಟ್ಟ.