ಐವತ್ತೊಂದು ಬಾಯಿಯ ‘ಆಯ್ತು’

ಟೀಚರಮ್ಮನ ಗಂಟಲು ಕೈಕೊಟ್ಟಿತು. ಕೊಡದೆ ಇನ್ನೇನು? ಇಪ್ಪತ್ತೆರಡು ವರ್ಷ, ದಿನಕ್ಕೆ ಆರು ಪಿರಿಯಡ್ಡು, ಕಿಟಕಿಯಾಚೆ ಲಾರಿಗಳ ಸದ್ದು, ಒಳಗೆ ಐವತ್ತೊಂದು ಮಕ್ಕಳು. ಆ ಮಕ್ಕಳು ಆಕೆಗೆ ಇಟ್ಟ ಹೆಸರೇ ತುತ್ತೂರಿ. ತುತ್ತೂರಿ ಈಗ ತೂತು ಬಿದ್ದ ಟ್ಯೂಬಿನ ಹಾಗೆ ಬುಸ್ ಅನ್ನುತ್ತಿತ್ತು.

ಅದೇ ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಟೈಲರಪ್ಪ ಬಂದ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಲೇ ಇತ್ತು.

“ಮೇಡಂ, ನನ್ನ ಮಗಳ ಹೆಸರು ತೆಗೆದುಬಿಡಿ.”

“ಯಾಕಪ್ಪಾ? ಇನ್ನೂ ಐದನೇ ಕ್ಲಾಸು!”

“ತಲೆಗೆ ಹತ್ತಲ್ಲವಂತೆ. ಅವಳೇ ಹೇಳ್ತಾಳೆ, ನಾನು ದಡ್ಡಿ ಅಪ್ಪಾ ಅಂತ. ಎಂಟು ದಿನದಿಂದ ಎಳೆದರೂ ಬರ್ತಿಲ್ಲ. ಗುಂಡಿ ಹೊಲಿಯೋದು ಚೆನ್ನಾಗಿ ಬರುತ್ತೆ, ಅಂಗಡೀಲೇ ಕೂರ್ಲಿ ಬಿಡಿ.”

“ಹೆಡ್‌ಮಾಸ್ಟರು ಸಹಿ ಹಾಕಬೇಕು. ಸೋಮವಾರ ಬನ್ನಿ” ಎಂದು ಟೀಚರಮ್ಮ ಸಾಗಹಾಕಿದಳು. ಜಗಳವಾಡಲು ಗಂಟಲೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಅವನು ಅತ್ತ ಹೋದಮೇಲೆ, ನೆನಪಾಗಬಾರದು ಅಂದುಕೊಂಡಿದ್ದೇ ನೆನಪಾಯಿತು.

ಎಂಟು ದಿನದ ಹಿಂದೆ ಭಿನ್ನರಾಶಿಯ ಪಾಠ ಮುಗಿಸಿ, ಎಂದಿನಂತೆ “ಅರ್ಥ ಆಯ್ತಾ?” ಎಂದು ಕೇಳಿದ್ದಳು. “ಆಯ್ತೂ ಟೀಚರ್!” ಗೋಡೆಯ ಸುಣ್ಣ ಉದುರುವ ಹಾಗೆ ಕೂಗು. ಒಂದೇ ಒಂದು ಕೈ ಮೇಲೆದ್ದಿತು. ಟೈಲರಪ್ಪನ ಮಗಳು.

“ಟೀಚರ್, ಎಂಟು ನಾಲ್ಕಕ್ಕಿಂತ ದೊಡ್ಡದಲ್ವಾ? ಮತ್ತೆ ನಾಲ್ಕರಲ್ಲಿ ಒಂದಕ್ಕಿಂತ ಎಂಟರಲ್ಲಿ ಒಂದು ಹೇಗೆ ಚಿಕ್ಕದಾಗುತ್ತೆ?”

ಬೆಲ್ಲಿಗೆ ಎರಡೇ ನಿಮಿಷ ಇತ್ತು. ಗಂಟಲು ಉರಿಯುತ್ತಿತ್ತು. “ಎರಡು ವಾರದಿಂದ ಅರಚ್ಕೊಳ್ತಾ ಇದ್ದೀನಿ, ಈಗ ಕೇಳ್ತೀಯಾ? ಇಷ್ಟು ದಿನ ತಲೆ ಎಲ್ಲಿಟ್ಟಿದ್ದೆ, ನಿಮ್ಮಪ್ಪನ ಮಿಷನ್ ಕೆಳಗಾ?”

ಐವತ್ತು ಮಕ್ಕಳೂ ಹೋ ಎಂದು ನಕ್ಕವು. ಹುಡುಗಿ ಕೂತಳು. ಆ ಕೂತವಳು ಮತ್ತೆ ಶಾಲೆಗೆ ಬರಲಿಲ್ಲ.

ಕೆಟ್ಟ ಹೆಂಗಸೇನಲ್ಲ ನಮ್ಮ ಟೀಚರಮ್ಮ. ದಣಿದ ಹೆಂಗಸು. ಆದರೆ ದಣಿದವರ ಬಾಯಿಂದ ಬಿದ್ದ ಕಲ್ಲೂ ಕಲ್ಲೇ, ತಗುಲಿದವರಿಗೆ ನೋವೇ.

ಸಂಜೆ ಆಸ್ಪತ್ರೆಗೆ ಹೋದಳು. ದೊಡ್ಡ ಸಾಲು. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಎರಡು ಥರದ ಮಾತ್ರೆ, ಒಂದು ಬಾಟಲಿ ಬರೆದು, ಒಂದೇ ಉಸಿರಿಗೆ ಎಲ್ಲ ಹೇಳಿ, “ಒಂದು ವಾರ ಜೋರಾಗಿ ಮಾತಾಡೋ ಹಾಗಿಲ್ಲ. ಅರ್ಥ ಆಯ್ತಾ?” ಅಂದರು.

“ಆಯ್ತು ಡಾಕ್ಟ್ರೇ” ಎಂದು ಕೋಲೆಬಸವನ ಹಾಗೆ ತಲೆಯಾಡಿಸಿ ಎದ್ದು ಬಂದಳು.

ಶನಿವಾರ ಮಧ್ಯಾಹ್ನ ತಂಗಿ ನೋಡಲು ಬಂದಳು. ತಂಗಿ ಬೇರೊಂದು ಆಸ್ಪತ್ರೆಯಲ್ಲಿ ನರ್ಸು, ಮಾತು ಮೊನಚು. ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

“ಗಂಟಲು ನೋವು ಅಂದೆ, ಹೊಟ್ಟೆ ಯಾಕೆ ಹಿಡ್ಕೊಂಡಿದ್ದೀಯ?” ಎನ್ನುತ್ತ ತಂಗಿ ಮೇಜಿನ ಮೇಲಿದ್ದ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. “ಅಕ್ಕಾ, ಇದು ಅರ್ಧ ಖಾಲಿಯಾಗಿದೆ. ಏನು ಮಾಡಿದೆ?”

“ಕುಡಿದೆ. ಮೂರು ಹೊತ್ತು, ಎರಡೆರಡು ಮುಚ್ಚಳ.”

“ಅಯ್ಯೋ ನಿನ್ನ! ಇದು ನೀರಲ್ಲಿ ಬೆರೆಸಿ ಮುಕ್ಕಳಿಸಿ ಉಗುಳೋದು ಕಣೇ!”

ತಂಗಿ ತಕ್ಷಣ ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು. ಅಪಾಯವಿಲ್ಲ, ನಿಲ್ಲಿಸಿ, ನೀರು ಚೆನ್ನಾಗಿ ಕುಡಿಯಲಿ ಅಂದರು. ಗಾಬರಿ ಇಳಿದ ಮೇಲೆ ಕೋಪ ಏರಿತು.

“ಡಾಕ್ಟ್ರು ಹೇಳಲಿಲ್ವಾ?”

“ಹೇಳಿದ್ರು. ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ.”

“ಮತ್ತೆ ಕೇಳೋಕೆ ಏನು ಧಾಡಿ?”

“ಹಿಂದೆ ಹತ್ತು ಜನ ನಿಂತಿದ್ರು ಕಣೇ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಒಂದು ಬಾಟಲಿ ವಿಷಯ ತಿಳಿಯಲಿಲ್ಲ ಅಂದ್ರೆ ನಗೋದಿಲ್ವಾ? ಅರ್ಥ ಆಯ್ತಾ ಅಂದ್ರು, ಆಯ್ತು ಅಂದೆ.”

ಆ ಮಾತು ಬಾಯಿಂದ ಆಚೆ ಬಂದದ್ದೇ ತಡ, ಟೀಚರಮ್ಮ ಎದ್ದು ಕೂತಳು. ಗೋಡೆಯ ಸುಣ್ಣ ಉದುರಿಸುವ ಆ ಕೂಗು ಅವಳ ಕಿವಿಯಲ್ಲಿ ಮೊಳಗಿತು. ತಂಗಿಗೆ ಟೈಲರಪ್ಪನ ಮಗಳ ಕಥೆ ಪೂರಾ ಹೇಳಿದಳು.

“ನಮ್ಮಲ್ಲಿ ಅರ್ಥ ಆಯ್ತಾ ಅಂತ ಕೇಳೋದೇ ಬಿಟ್ಟಿದ್ದೀವಿ” ಅಂದಳು ತಂಗಿ. “ಯಾರನ್ನ ಕೇಳಿದರೂ ಆಯ್ತು ಅಂತಾರೆ. ‘ಮನೆಗೆ ಹೋಗಿ ಈ ಔಷಧಿ ಹೇಗೆ ತಗೋತೀಯಮ್ಮಾ, ಒಂದ್ಸಲ ಹೇಳು’ ಅಂತೀವಿ. ಹೇಳೋವರೆಗೂ ಕಾಯ್ತೀವಿ. ತಪ್ಪು ಹೇಳಿದ್ರೆ, ನಾವು ಹೇಳಿದ್ದು ಸರಿಯಾಗಿ ತಲುಪಿಲ್ಲ ಅಂತ ಲೆಕ್ಕ.”

“ನಿನಗೇನು, ಒಬ್ಬೊಬ್ಬರೇ ಬರ್ತಾರೆ. ನನಗೆ ಐವತ್ತೊಂದು ಮಕ್ಕಳು, ನಲವತ್ತು ನಿಮಿಷ. ಕಾಯ್ತಾ ಕೂತರೆ ಪಾಠ ಯಾರು ಮುಗಿಸ್ತಾರೆ?”

“ಮುಗಿಸಿ ಏನು ಮಾಡ್ದೆ? ಬಾಟಲೀನೂ ಅರ್ಧ ಮುಗಿಸಿದ್ದೀಯಲ್ಲ.”



ಭಾನುವಾರ ಟೈಲರ್ ಅಂಗಡಿಗೆ ಹೋದಳು. ಮಿಷನ್ನಿನ ಪಕ್ಕ ನೆಲದ ಮೇಲೆ ಹುಡುಗಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಟೀಚರ್ ಕಂಡದ್ದೇ ತಲೆ ಇನ್ನೂ ಬಗ್ಗಿತು.

“ಬೈಯೋಕೆ ಅಂಗಡಿತನಕ ಬಂದ್ರಾ ಮೇಡಂ?” ಅಂದ ಟೈಲರಪ್ಪ.

“ಬೈಯೋಕೆ ಗಂಟಲೆಲ್ಲಿದೆಯಪ್ಪಾ?” ಪಿಸುಗುಟ್ಟಿದಳು. ಹುಡುಗಿಯ ಎದುರು ನೆಲದ ಮೇಲೇ ಕೂತಳು. ಬಾಟಲಿಯ ಕಥೆ ಹೇಳಿದಳು. ಟೈಲರಪ್ಪ ಮೀಸೆಯಡಿ ನಕ್ಕ. “ನೀನು ಅವತ್ತು ಏನೋ ಕೇಳಿದೆಯಲ್ಲ ಮಗಾ. ಇನ್ನೊಂದು ಸಲ ಕೇಳು.”

ಹುಡುಗಿ ಬಾಯಿಬಿಡಲಿಲ್ಲ. ಟೀಚರಮ್ಮನ ನಾಲಿಗೆ ತುದಿಗೆ “ಬೇಗ ಹೇಳು” ಬಂತು, ನುಂಗಿಕೊಂಡಳು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದಳು. ಟೈಲರಪ್ಪನ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು. ಒಂಬತ್ತು ಎಣಿಸುವ ಹೊತ್ತಿಗೆ ಸಣ್ಣ ದನಿ ಬಂತು.

“ಎಂಟು ದೊಡ್ಡದಲ್ವಾ?”

“ಒಳ್ಳೇ ಪ್ರಶ್ನೆ. ನಾಳೆ ಕ್ಲಾಸಲ್ಲಿ ಕೇಳ್ತೀಯಾ?”

“ನಗ್ತಾರೆ.”

“ಅವರನ್ನ ನಗಿಸಿದ್ದು ನಾನು. ನಾನೇ ಸರಿ ಮಾಡ್ತೀನಿ. ಬರುವಾಗ ಒಂದು ತುಂಡು ಬಟ್ಟೆ ತಗೊಂಡು ಬಾ.”

“ಬರ್ತೀನಿ” ಎಂದು ಹುಡುಗಿ ಹೇಳಲಿಲ್ಲ. ಟೀಚರಮ್ಮ ಒತ್ತಾಯವನ್ನೂ ಮಾಡಲಿಲ್ಲ.

ಸೋಮವಾರ ಆಕೆ ಕ್ಲಾಸಿಗೆ ಹೋಗಿ ನೋಡಿದರೆ, ಹುಡುಗಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು, ಮುಷ್ಟಿಯಲ್ಲಿ ಬಟ್ಟೆ ಚೂರು.

“ಅವತ್ತು ನಾನು ಇವಳಿಗೆ ಹಾಗೆ ಅಂದದ್ದು ತಪ್ಪು” ಅಂದಳು ಟೀಚರಮ್ಮ. ದನಿ ಮೆಲ್ಲಗಿದ್ದುದರಿಂದ ಕೇಳಿಸಿಕೊಳ್ಳಲೆಂದೇ ಕ್ಲಾಸು ನಿಶ್ಶಬ್ದವಾಯಿತು. “ಹೋಗ್ಲಿ, ಭಿನ್ನರಾಶಿ ಎಲ್ಲರಿಗೂ ಅರ್ಥ ಆಗಿದೆಯಾ?”

“ಆಗಿದೇ ಟೀಚರ್!”

“ಹಾಗಾದ್ರೆ ನಾಲ್ಕರಲ್ಲಿ ಒಂದಕ್ಕಿಂತ ಎಂಟರಲ್ಲಿ ಒಂದು ದೊಡ್ಡದು ಅನ್ನೋರು ಕೈ ಎತ್ತಿ. ಯೋಚನೆ ಮಾಡಿ. ಬೈಯಲ್ಲ.”

ಐದು ಎಣಿಸಿದಳು. ಒಂದು ಕೈ ಎದ್ದಿತು, ನಾಲ್ಕು, ಹತ್ತು. ಕೊನೆಗೆ ಮೂವತ್ತನಾಲ್ಕು ಕೈ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರೆಲ್ಲ ಅದರಲ್ಲಿದ್ದರು.

ಟೀಚರಮ್ಮ ಕೈಗಳನ್ನು ಮತ್ತೊಮ್ಮೆ ಎಣಿಸಿದಳು. ಇಪ್ಪತ್ತೆರಡು ವರ್ಷದ ‘ಆಯ್ತು’ಗಳಲ್ಲಿ ಎಷ್ಟು ಸುಳ್ಳೋ! ಆಮೇಲೆ ಕೈಸನ್ನೆ ಮಾಡಿ ಟೈಲರಪ್ಪನ ಮಗಳನ್ನು ಮುಂದೆ ಕರೆದು, ಬಟ್ಟೆ ಮಡಿಚುತ್ತಾ ಹೋಗು ಎಂದಳು. ಹುಡುಗಿ ಬಟ್ಟೆಯನ್ನು ಒಮ್ಮೆ ಮಡಿಚಿದಳು, ಎರಡು ಪಾಲು. ಇನ್ನೊಮ್ಮೆ, ನಾಲ್ಕು. ಮತ್ತೊಮ್ಮೆ, ಎಂಟು. ಎಲ್ಲರಿಗೂ ಎತ್ತಿ ತೋರಿಸುವಾಗ ತಾನೇ ಅದನ್ನು ನೋಡುತ್ತ ನಿಂತಳು.

“ಓ! ಪಾಲು ಜಾಸ್ತಿ ಆದಷ್ಟೂ ಒಂದೊಂದು ಚೂರು ಚಿಕ್ಕದಾಗುತ್ತೆ!”

ಈ ಸಲ ಯಾರೂ ನಗಲಿಲ್ಲ.

ಬಾಗಿಲಲ್ಲಿ ಟೈಲರಪ್ಪ ನಿಂತಿದ್ದ, ಹೆಸರು ತೆಗೆಸುವ ಅರ್ಜಿ ಕೈಯಲ್ಲಿ. ಅದನ್ನು ಅವನು ಒಮ್ಮೆ ಮಡಿಚಿದ, ಎರಡು ಸಲ, ಮೂರು ಸಲ. ಎಂಟು ಪಾಲು ಮಾಡಿ ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ.

ಟೀಚರಮ್ಮನ ಗಂಟಲು ಪೂರ್ತಿ ಸರಿಹೋಗಿಲ್ಲ. ಪಾಠ ಎರಡು ವಾರ ಹಿಂದೆ ಬಿದ್ದಿದೆ, ಹೆಡ್‌ಮಾಸ್ಟರ ಮುಖ ಗಂಟಾಗಿದೆ. ಆದರೂ ದಿನಾ ಪ್ರಶ್ನೆ ಕೇಳಿ ಐದು ಎಣಿಸುತ್ತಾಳೆ.

ಪಾಠ ಹೇಳುವವರೇ, ನಿಮ್ಮ ದಣಿವು ನಮಗೆ ಗೊತ್ತು. ಆದರೂ ‘ಅರ್ಥ ಆಯ್ತಾ’ ಅಂತ ಕೇಳಿ ಮುಂದೆ ಓಡಬೇಡಿ. ‘ಹೇಗೆ ಅಂತ ಹೇಳು’ ಅನ್ನಿ, ಐದು ಎಣಿಸಿ ಕಾಯಿರಿ. ತಪ್ಪು ಉತ್ತರ ಬಂದರೆ ಅಣಕಿಸಬೇಡಿ. ನಿಮ್ಮ ಪಾಠ ಎಲ್ಲಿ ಸೋರುತ್ತಿದೆ ಎಂದು ಆ ಮಗು ತೋರಿಸಿಕೊಟ್ಟಿದೆ. ಅಪ್ಪ ಅಮ್ಮಂದಿರೇ, ಮಗು ‘ನಾನು ದಡ್ಡ’ ಅಂದರೆ ನಂಬಿ ಹೆಸರು ತೆಗೆಸಲು ಓಡಬೇಡಿ. ಹಾಗೆ ಅಂದವರು ಯಾರು ಎಂದು ಕೇಳಿ, ಶಾಲೆಗೆ ಹೋಗಿ ಮಾತಾಡಿ. ಇವತ್ತು ಸಂಜೆ ಮಗು ಮನೆಗೆ ಬಂದಾಗ ‘ಎಷ್ಟು ಅಂಕ’ ಅನ್ನಬೇಡಿ. ‘ಇವತ್ತು ಏನು ಪ್ರಶ್ನೆ ಕೇಳಿದೆ?’ ಅನ್ನಿ. ಅಂದು, ಬಾಯಿ ಮುಚ್ಚಿಕೊಂಡು ಕಾಯಿರಿ.